ಮೂಲೆಯ ಮಗುವೂ ಗೋಡೆಯ ಟಿ.ವಿ.ಯೂ



ನಮ್ಮ ತಿಪಟೂರು ಕಡೆಯ ಎಷ್ಟೋ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಈಗ ಹೊಸ ಸಾಮಾನೊಂದು ಕಾಣುತ್ತದೆ. ಬೋರ್ಡಿನ ಪಕ್ಕದಲ್ಲಿ ಗೋಡೆಗೆ ಕೂರಿಸಿದ ದೊಡ್ಡ ಟಿ.ವಿ. ಕೆಳಗೆ ಕೊಟ್ಟವರ ಹೆಸರು, ಮೇಲೆ ದೂಳು ಕೂರದಂತೆ ಹೊಲಿಸಿದ ಬಟ್ಟೆ. ಹಳೆಯ ವಿದ್ಯಾರ್ಥಿಗಳು ಕೊಡಿಸಿದ್ದೋ, ಯಾವುದೋ ಕಂಪನಿ ಕೊಟ್ಟದ್ದೋ, ಇಲಾಖೆಯದ್ದೋ, ಅಂತೂ ಬಂದಿದೆ. ಅದು ಬಂದ ದಿನದಿಂದ ಆ ಕೋಣೆಗೆ ಸ್ಮಾರ್ಟ್ ಕ್ಲಾಸ್ ಎಂದು ಹೆಸರು. ಬೆಳಗಾದರೆ ಖಾಸಗಿ ಶಾಲೆಗಳ ಹಳದಿ ಬಸ್ಸು ಅರಳಗುಪ್ಪೆ, ಕರಡಿ, ಬಾಣಸಂದ್ರದಂಥ ಊರುಗಳ ಮಕ್ಕಳನ್ನು ತುಂಬಿಕೊಂಡು ಹೋಗುವುದನ್ನು ನೋಡಿ ನೋಡಿ, ಉಳಿದ ಮಕ್ಕಳನ್ನಾದರೂ ಉಳಿಸಿಕೊಳ್ಳೋಣ, ನಮ್ಮ ಶಾಲೆಗೂ ಒಂದು ಟಿ.ವಿ. ಇರಲಿ ಎಂದು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರು ಆಸೆಪಟ್ಟರೆ ಅದರಲ್ಲಿ ತಪ್ಪೇನೂ ಇಲ್ಲ.

ನಾನು ಇವತ್ತು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಆ ಟಿ.ವಿ. ಹಾಕಿದಾಗ ಮೂಲೆಯಲ್ಲಿ ಕೂತ ಮಗು ಏನು ಮಾಡುತ್ತಿರುತ್ತದೆ?

ಮೂಲೆಯ ಮಗು ಅಂದರೆ ದಡ್ಡ ಮಗು ಅಂತಲ್ಲ. ಕಿವಿ ಮಂದವಾಗಿದ್ದು, ಅದು ಮನೆಯವರಿಗೇ ಗೊತ್ತಿಲ್ಲದೆ, ‘ಕರೆದರೆ ತಿರುಗಿ ನೋಡಲ್ಲ, ಬಲು ಹಟ’ ಅನ್ನಿಸಿಕೊಂಡವಳು ಇರಬಹುದು. ಬೋರ್ಡಿನ ಮೇಲಿನ ಅಕ್ಷರ ಮಂಜು ಮಂಜಾಗಿ ಕಂಡು, ಪಕ್ಕದವನ ಪುಸ್ತಕ ನೋಡಿ ಬರೆದು, ‘ಕಾಪಿ ಹೊಡೀತಾನೆ’ ಅಂತ ಬೈಸಿಕೊಂಡವನು ಇರಬಹುದು. ತೋಟದ ಮನೆಯಲ್ಲಿ ಕೆಲಸಕ್ಕಿರುವವರ ಮಗಳು, ನಾರಿನ ಫ್ಯಾಕ್ಟರಿಗೆ ದೂರದಿಂದ ದುಡಿಯಲು ಬಂದ ದಂಪತಿಯ ಮಗ, ತಾಂಡಾದಿಂದ ನಡೆದು ಬರುವ ಅಣ್ಣ ತಂಗಿ. ಇವರಿಗೆ ಮನೆಯ ಮಾತೇ ಬೇರೆ, ಶಾಲೆಯ ಮಾತೇ ಬೇರೆ. ಏನೂ ತೊಂದರೆಯಿಲ್ಲದೆ ಸುಮ್ಮನೆ ನಾಚುವ ಮಗುವೂ ಇರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇವರೆಲ್ಲರನ್ನೂ ಶಾಲೆಯ ಬಾಗಿಲು ದಾಟಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸಿ, ಈ ಮಕ್ಕಳೂ ಉಳಿದವರ ಜೊತೆಯಲ್ಲೇ ಕೂತು ಕಲಿಯಬೇಕು ಅಂದಿತು. ಕೂತದ್ದಾಯಿತು. ಬಾಗಿಲಿನಿಂದ ಪಾಠದವರೆಗೆ ಇನ್ನೂ ಒಂದಷ್ಟು ದೂರ ಉಳಿದಿದೆ.

ಟಿ.ವಿ.ಯಲ್ಲಿ ಹಾಡು ಬರುತ್ತದೆ. ಮುಂದಿನ ಸಾಲಿನ ಮಕ್ಕಳು ಹಾಡಿಗೆ ಚಪ್ಪಾಳೆ ತಟ್ಟುತ್ತಾರೆ, ಮೂಲೆಯವರು ಮುಂದಿನ ಸಾಲಿನವರನ್ನು ನೋಡಿ ತಟ್ಟುತ್ತಾರೆ. ಕೋಣೆ ಗಲಗಲ ಅನ್ನುವುದರಿಂದ ಪಾಠ ಚೆನ್ನಾಗಿ ನಡೆಯುತ್ತಿದೆ ಎಂದು ನಮಗೆ ಅನ್ನಿಸುತ್ತದೆ. ಆದರೆ ಕಣ್ಣರಳಿಸಿ ಕೂತವರೆಲ್ಲ ಕಲಿಯುತ್ತಿದ್ದಾರೆ ಎಂದೇನೂ ಇಲ್ಲ. ಸಂಜೆ ಧಾರಾವಾಹಿಯ ಮುಂದೆ ನಾವೂ ಹಾಗೆಯೇ ಕೂತಿರುತ್ತೇವೆ. ಹಾಗಾಗಿ ಶಾಲೆಗೆ ಬಂದ ಯಾವುದೇ ಯಂತ್ರವನ್ನು ನಾನು ಅಳೆಯುವುದು ಒಂದೇ ಅಳತೆಗೋಲಿನಿಂದ. ಯಂತ್ರ ಮಗುವಿಗೆ ಏನನ್ನು ತೋರಿಸಿತು ಎಂದು ಕೇಳುವುದಿಲ್ಲ. ಮಗುವಿನಿಂದ ಏನನ್ನು ಹೊರಡಿಸಿತು ಎಂದು ಕೇಳುತ್ತೇನೆ. ಒಂದು ಮಾತು, ಒಂದು ಉತ್ತರ, ಒಂದು ಗೀಟು, ಏನಾದರೂ ಸರಿ.

ಕರ್ನಾಟಕದ ಹಳ್ಳಿ ಶಾಲೆಗೆ ಯಂತ್ರ ಬಂದದ್ದು ನಿನ್ನೆ ಮೊನ್ನೆಯಲ್ಲ. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಪ್ರಯೋಗ ಶುರುವಾಯಿತು. ಅಮೆರಿಕದ ನಾಸಾದಿಂದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ತಂದು, ಇಸ್ರೊ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ ಮುಟ್ಟಿಸಿತು. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ ಸಿಕ್ಕಿತು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲೇ ಇಪ್ಪತ್ತೆರಡೂವರೆ ನಿಮಿಷ, ಸಂಜೆ ದೊಡ್ಡವರಿಗೆ. 1976ರ ಜುಲೈ 31ಕ್ಕೆ ಗಡುವು ಮುಗಿಯಿತು, ಉಪಗ್ರಹ ವಾಪಸು ಹೋಯಿತು. ಆಮೇಲೆ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ನಮ್ಮದೇ ಉಪಗ್ರಹ ಎಜುಸ್ಯಾಟ್ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠ ಇಳಿಯಿತು. 2010ಕ್ಕೆ ಅದರ ಆಯುಸ್ಸೂ ಮುಗಿಯಿತು. ಎರಡೂ ದೊಡ್ಡ ಸಾಹಸಗಳೇ, ಅನುಮಾನವಿಲ್ಲ. ಆದರೆ ಪ್ರಾಥಮಿಕ ಶಾಲೆಯ ಮಟ್ಟಿಗೆ ಎರಡರಲ್ಲೂ ಮಾತು ಆಕಾಶದಿಂದ ಇಳಿಯುತ್ತಿತ್ತೇ ಹೊರತು ಮಗುವಿನ ಮಾತು ಮೇಲಕ್ಕೆ ಹತ್ತುತ್ತಿರಲಿಲ್ಲ.

ಇನ್ನು ರೇಡಿಯೊ. ಇಲ್ಲಿ ನನಗೆ ಸ್ವಲ್ಪ ಪಕ್ಷಪಾತವಿದೆ, ರೇಡಿಯೊದಲ್ಲೇ ಮಾತಾಡುತ್ತಿದ್ದೇನೆ ನೋಡಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು. ಕನ್ನಡದ ಬಾನುಲಿ ಹುಟ್ಟಿದ್ದೇ ಮೇಷ್ಟ್ರ ಮನೆಯಲ್ಲಿ ಎಂದು ನಾವು ಶಿಕ್ಷಕರು ಜಂಬ ಪಡಬಹುದು.

ಪಾಠದ ರೇಡಿಯೊವನ್ನು ಬೇರೆ ಥರ ಬಳಸುವ ಉಪಾಯ ಹೊಳೆದದ್ದು ನಮ್ಮಿಂದ ಬಹಳ ದೂರದಲ್ಲಿ, ಮಧ್ಯ ಅಮೆರಿಕದ ನಿಕರಾಗುವಾದಲ್ಲಿ. ಅಲ್ಲಿ 1974ರಿಂದ ಸಣ್ಣ ತರಗತಿಯ ಮಕ್ಕಳಿಗೆ ರೇಡಿಯೊದಲ್ಲಿ ಲೆಕ್ಕ ಹೇಳಿಕೊಟ್ಟರು. ಉಪಾಯ ಇಷ್ಟೇ: ರೇಡಿಯೊ ಪ್ರಶ್ನೆ ಕೇಳುತ್ತದೆ, ಕೇಳಿ ಸುಮ್ಮನಾಗುತ್ತದೆ. ಆ ಬಿಡುವಿನಲ್ಲಿ ಮಕ್ಕಳು ಜೋರಾಗಿ ಉತ್ತರ ಹೇಳಬೇಕು. ಆಮೇಲೆ ರೇಡಿಯೊ ಸರಿಯುತ್ತರ ಹೇಳುತ್ತದೆ. ಮತ್ತೆ ಪ್ರಶ್ನೆ. ಕೆಲವು ಕ್ಷಣಗಳ ಆ ಬಿಡುವನ್ನು ಎಷ್ಟು ಇಡಬೇಕು ಎಂಬುದನ್ನು ನಿಜವಾದ ತರಗತಿಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ನೋಡಿಯೇ ತೀರ್ಮಾನಿಸುತ್ತಿದ್ದರು. ರೇಡಿಯೊ ಕೇಳಿದ ಮಕ್ಕಳು ಲೆಕ್ಕದಲ್ಲಿ ಮುಂದೆ ಬಂದರೆಂದು ಆಗಿನ ಪರೀಕ್ಷೆಗಳು ತೋರಿಸಿದವು.

ನೀವು ಈಗ ಮನೆಯಲ್ಲಿದ್ದು, ಪಕ್ಕದಲ್ಲಿ ಎರಡನೆಯದೋ ಮೂರನೆಯದೋ ಓದುವ ಮಗುವಿದ್ದರೆ, ಹತ್ತಿರ ಕರೆಯಿರಿ. ಮಗೂ, ಕೇಳಿಸಿಕೋ. ಒಂದು ಮರದಿಂದ ಎಂಟು ಎಳನೀರು ಕೆಡವಿದರು. ಇನ್ನೊಂದು ಮರದಿಂದ ಏಳು. ಒಟ್ಟು ಎಷ್ಟು?

ಹದಿನೈದು. ಹೇಳಿದೆಯಾ? ಅದರಲ್ಲಿ ಆರು ಎಳನೀರು ಕುಡಿದೇಬಿಟ್ಟರು. ಉಳಿದದ್ದು?

ಒಂಬತ್ತು.

ಈ ಎರಡು ಬಿಡುವುಗಳಲ್ಲಿ ನಿಮ್ಮ ಮಗು ಬಾಯಿ ಬಿಟ್ಟಿತಲ್ಲ, ಆ ಉಪಾಯದ ಗುಟ್ಟೆಲ್ಲ ಅಲ್ಲಿದೆ. ಇದೇ ಮಾದರಿ ಈ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ರಾಜ್ಯಕ್ಕೂ ಬಂತು. ಚುಕ್ಕಿ ಚಿನ್ನ, ಚಿಣ್ಣರ ಚುಕ್ಕಿ, ಕೇಳಿ ಕಲಿ, ಈ ಹೆಸರುಗಳು ಆಗ ಶಾಲೆಯಲ್ಲಿದ್ದವರಿಗೆ ನೆನಪಿರಬಹುದು. ಮಧ್ಯಾಹ್ನ ರೇಡಿಯೊ ಹಾಕಿದರೆ ಹಾಡು, ಕಥೆ, ಪ್ರಶ್ನೆ, ಬಿಡುವು. ‘ಎದ್ದು ನಿಲ್ಲಿ’ ಅಂದರೆ ಮಕ್ಕಳು ಎದ್ದು ನಿಲ್ಲುತ್ತಿದ್ದರು, ‘ಪಕ್ಕದವರ ಕೈ ಹಿಡಿಯಿರಿ’ ಅಂದರೆ ಹಿಡಿಯುತ್ತಿದ್ದರು. ಎಲ್ಲರೂ ಒಟ್ಟಿಗೆ ಕೂಗುವಾಗ ನಾಚುವ ಮಗುವೂ ಕೂಗುತ್ತದೆ. ತಪ್ಪು ಹೇಳಿದರೂ ಗದ್ದಲದಲ್ಲಿ ಯಾರಿಗೂ ತಿಳಿಯುವುದಿಲ್ಲ. ಗೋಡೆಯ ದೊಡ್ಡ ಟಿ.ವಿ.ಗಿಂತ ಆ ಸಣ್ಣ ಪೆಟ್ಟಿಗೆ ಈ ವಿಷಯದಲ್ಲಿ ಬುದ್ಧಿವಂತ ಎಂದೇ ನನ್ನ ತೀರ್ಪು.

ಅದಕ್ಕಿಂತಲೂ ಮೊದಲು, ಕರೆಂಟೇ ಬೇಡದ ತಂತ್ರಜ್ಞಾನವೊಂದನ್ನು ನಮ್ಮವರೇ ಕಟ್ಟಿದ್ದರು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಕೆಲವು ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ಬೆಂಬಲದಿಂದ ನಲಿ-ಕಲಿ ಶುರುಮಾಡಿದರು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ನಲಿ-ಕಲಿ ಕೋಣೆಗೆ ಹೋದವರಿಗೆ ಗೊತ್ತು: ಬೆಂಚಿಲ್ಲ, ನೆಲದ ಮೇಲೆ ಗುಂಪು ಗುಂಪಾಗಿ ಕೂತ ಮಕ್ಕಳು. ಒಂದು, ಎರಡು, ಮೂರನೆಯ ತರಗತಿಯವರು ಬೆರೆತು ಕೂತಿರುತ್ತಾರೆ. ಗೋಡೆಯಲ್ಲಿ ಕಲಿಕಾ ಏಣಿ, ಮಗು ತಾನು ಯಾವ ಮೆಟ್ಟಿಲಲ್ಲಿ ಇದ್ದೇನೆಂದು ತಾನೇ ನೋಡಿಕೊಂಡು, ಆ ಮೆಟ್ಟಿಲಿನ ಕಾರ್ಡು ತೆಗೆದುಕೊಳ್ಳುತ್ತದೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರ ತುಂಬ ಮಕ್ಕಳು ಬರೆದ ಚಿತ್ರ, ಬರಹ. ಗೋಡೆಯ ಕೆಳಗಡೆ, ಮಗುವಿನ ಕೈಗೆ ಎಟುಕುವಷ್ಟು ಎತ್ತರದಲ್ಲಿ ಕಪ್ಪು ಬಳಿದ ಪಟ್ಟಿ, ಒಬ್ಬೊಬ್ಬರಿಗೆ ಒಂದೊಂದು ಪಾಲು. ಮೂಲೆ ಎಂಬುದೇ ಇಲ್ಲದ ಕೋಣೆ ಅದು. ವಾರ ಶಾಲೆ ತಪ್ಪಿಸಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಮಕ್ಕಳ ಸಂಖ್ಯೆ ತೀರಾ ಇಳಿದು ಒಬ್ಬರೇ ಮೇಷ್ಟ್ರು ಎಲ್ಲ ತರಗತಿಯನ್ನೂ ನೋಡುವ ನಮ್ಮ ಕಡೆಯ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಇದು ಹೇಳಿ ಮಾಡಿಸಿದ ಏರ್ಪಾಟು. ಅಂಥ ಕೋಣೆಗೆ ಟಿ.ವಿ. ತಂದು, ಗುಂಪುಗಳನ್ನು ಒಡೆದು, ಮಕ್ಕಳೆಲ್ಲ ಒಂದೇ ಕಡೆ ಮುಖ ಮಾಡಿ ಕೂರುವಂತೆ ಮಾಡಿದರೆ ಸ್ಮಾರ್ಟ್ ಆಗಿದ್ದ ಕೋಣೆಯನ್ನು ಹಳೆಯ ಕಾಲಕ್ಕೆ ತಳ್ಳಿದ ಹಾಗಾಗುತ್ತದೆ. ಟಿ.ವಿ. ಇರಲೇಬೇಕೆಂದರೆ ಅದು ಒಂದು ಗುಂಪಿನ ಪಾಲಿಗೆ, ಹತ್ತು ನಿಮಿಷಕ್ಕೆ ಇರಲಿ.

ಕೊರೊನಾ ಕಾಲದ ಮಾತನ್ನೂ ಒಂದಿಷ್ಟು ಆಡಬೇಕು. 2020ರ ಆಗಸ್ಟ್‌ನಲ್ಲಿ ಶಾಲೆ ಮುಚ್ಚಿದ್ದ ಮಕ್ಕಳಿಗೆ ಪಾಠ ಮುಟ್ಟಿಸುವ ವಿದ್ಯಾಗಮ ಯೋಜನೆ ಶುರುವಾದಾಗ ಮಕ್ಕಳನ್ನು ಮೂರು ಪಾಲು ಮಾಡಿ ಎಂದು ಹೇಳಿದ್ದರು: ಫೋನೇ ಇಲ್ಲದವರು, ಇಂಟರ್ನೆಟ್ ಇಲ್ಲದ ಸಾದಾ ಫೋನಿನವರು, ಸ್ಮಾರ್ಟ್‌ಫೋನಿನವರು. ಪಟ್ಟಿ ಮಾಡಲು ಕೂತಾಗ ನಮ್ಮಂಥ ಶಿಕ್ಷಕರಿಗೆ ಊರಿನ ನಿಜ ಸ್ಥಿತಿ ಕಣ್ಣಿಗೆ ಹೊಡೆಯಿತು. ಸ್ಮಾರ್ಟ್‌ಫೋನ್ ಇದೆ ಎಂದು ಬರೆಸಿದ ಮನೆಯಲ್ಲೂ ಅದು ಅಪ್ಪನ ಜೇಬಿನಲ್ಲಿ ತೋಟಕ್ಕೋ ತಿಪಟೂರಿನ ಮಂಡಿಗೋ ಹೋಗಿರುತ್ತಿತ್ತು. ಕೊನೆಗೆ ಮಕ್ಕಳನ್ನು ಮುಟ್ಟಿದ್ದು ಮೇಷ್ಟ್ರ ಬೈಕು, ದೇವಸ್ಥಾನದ ಜಗಲಿ, ಅರಳಿಕಟ್ಟೆ. ವಠಾರ ಶಾಲೆ ಎಂದು ಅದನ್ನು ಕರೆದರು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು, ಒಳ್ಳೆಯ ಪಾಠಗಳೇ. ಅವು ಬರುವ ಹೊತ್ತಿಗೆ ಕರೆಂಟು ಇರಬೇಕಿತ್ತು, ಅಷ್ಟೆ.

ಹಾಗಾದರೆ ತಂತ್ರಜ್ಞಾನ ಬೇಡವೇ? ಬೇಕು, ಖಂಡಿತ ಬೇಕು. ಆದರೆ ಸ್ಮಾರ್ಟ್‌ಫೋನಿನಲ್ಲಿ ಪರದೆಯೊಂದೇ ಇಲ್ಲ, ಒಂದು ಮೈಕೂ ಇದೆ. ನಾವು ಪರದೆಯನ್ನೇ ನೋಡುತ್ತ ಮೈಕನ್ನು ಮರೆತಿದ್ದೇವೆ. ಮೂಲೆಯ ಮಗುವಿಗೆ ಬೇಕಾದದ್ದು ಆ ಮೈಕು.

ನಮ್ಮ ಸೀಮೆಯಲ್ಲಿ ಹೇಗೆ ಬಳಸಬಹುದು, ಹೇಳುತ್ತೇನೆ. ಕೊಬ್ಬರಿ ಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗೆ ನೀರೆಲ್ಲ ಇಂಗಿ, ಗಿಟುಕು, ಅಂದರೆ ಒಣಗಿದ ಕೊಬ್ಬರಿ, ಚಿಪ್ಪಿನಿಂದ ಬಿಟ್ಟುಕೊಂಡರೆ, ಕಾಯಿ ಅಲ್ಲಾಡಿಸಿದಾಗ ಸದ್ದು ಬರುತ್ತದೆ. ಇನ್ನೂ ನೀರಿದ್ದರೆ ಬೇರೆ ಸದ್ದು. ಈ ಭೇದ ನಮ್ಮ ಮಕ್ಕಳಿಗೆ ಶಾಲೆಗೆ ಬರುವ ಮೊದಲೇ ಗೊತ್ತು. ಪರಿಸರ ಅಧ್ಯಯನದ ಪಾಠದ ದಿನ ಮಕ್ಕಳ ಕೈಗೆ ಫೋನು ಕೊಟ್ಟು, ಊರಿನ ಸದ್ದುಗಳನ್ನು ಹಿಡಿದುಕೊಂಡು ಬನ್ನಿ ಎಂದು ಗುಂಪು ಮಾಡಿ ಕಳಿಸಿ. ಒಣಗಿದ ಕಾಯಿ, ಇನ್ನೂ ನೀರಿರುವ ಕಾಯಿ, ಮಟ್ಟೆ ಸುಲಿಯುವುದು, ನಾರಿನ ಮೆಷಿನ್ನು, ಹಾಲಿನ ಡೇರಿಯ ಮುಂದಿನ ಗದ್ದಲ, ಬೆಂಗಳೂರು ಕಡೆಯ ರೈಲು. ತರಗತಿಯಲ್ಲಿ ಒಂದೊಂದನ್ನೇ ಹಾಕಿ, ಇದು ಏನು ಎಂದು ಕೇಳಿ. ಆ ಹೊತ್ತಿನಲ್ಲಿ ಕನ್ನಡ ಸರಿಯಾಗಿ ಬಾರದ ಮಗುವೂ ಓದು ಬಾರದ ಮಗುವೂ ಉಳಿದವರ ಸಮಕ್ಕೆ ನಿಲ್ಲುತ್ತವೆ. ಅಪ್ಪ ನಾರಿನ ಫ್ಯಾಕ್ಟರಿಯಲ್ಲಿರುವ ಹುಡುಗ ಮೆಷಿನ್ನಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ಹೇಳುತ್ತಾನೆ. ಅವನು ಅದನ್ನು ಮನೆಮಾತಿನಲ್ಲಿ ಹೇಳಲಿ, ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ಗೆಳೆಯರೆಲ್ಲ ಸೇರಿ ಕನ್ನಡಕ್ಕೆ ತಿರುಗಿಸಲಿ. ಆ ದಿನ ಅವನೇ ಮೇಷ್ಟ್ರು.

ಅರಳಗುಪ್ಪೆಯ ಮಕ್ಕಳಿಗಂತೂ ಇನ್ನೂ ದೊಡ್ಡ ಆಸ್ತಿ ಪಕ್ಕದಲ್ಲೇ ಇದೆ. ಕಲ್ಲೇಶ್ವರ ದೇವಸ್ಥಾನ 9ನೆಯ ಶತಮಾನದ್ದು, ಗಂಗ-ನೊಳಂಬರ ಕಾಲದ್ದು. ಅದರ ಒಳಮಾಳಿಗೆಯಲ್ಲಿ ನಡುವೆ ಕುಣಿಯುವ ಶಿವ, ಸುತ್ತ ವಾಹನಗಳ ಮೇಲೆ ಕೂತ ಎಂಟು ದಿಕ್ಪಾಲಕರು. ದೂರ ದೂರದಿಂದ ಜನ ಬಂದು ಕತ್ತು ನೋಯಿಸಿಕೊಂಡು ನೋಡಿ ಹೋಗುತ್ತಾರೆ. ತರಗತಿಯಲ್ಲಿ ಕಣ್ಣು ಕಾಣದ ಅಥವಾ ಮಂದವಾಗಿರುವ ಮಗುವಿದ್ದರೆ ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ, ಅವರಿಗೆ ಒಂದು ಕೆಲಸ ಕೊಡಿ: ಮೇಲೆ ಕಂಡದ್ದನ್ನು ಈ ಗೆಳತಿಗೆ ಮಾತಿನಲ್ಲಿ ಕಾಣಿಸಬೇಕು. ‘ಶಿವ ಕುಣೀತಾವ್ನೆ’ ಅಂದರೆ ಆಗಲಿಲ್ಲ. ಅವಳು ಕೇಳುತ್ತಾಳೆ: ಯಾವ ಕಾಲು ಎತ್ತಿದಾನೆ? ಎಷ್ಟು ಕೈ? ಕೈಲಿ ಏನಿದೆ? ಪಕ್ಕದಲ್ಲಿ ವಾದ್ಯ ಯಾರು ನುಡಿಸ್ತಾ ಇದಾರೆ? ಆನೆ ಮೇಲೆ ಕೂತಿರೋನು ಯಾವ ದಿಕ್ಕಿಗಿದಾನೆ, ಕೋಣದ ಮೇಲಿನವನು ಯಾವ ದಿಕ್ಕಿಗೆ? ಉತ್ತರ ಕೊಡಲು ಕಣ್ಣಿದ್ದವರು ಮತ್ತೆ ಮತ್ತೆ ತಲೆಯೆತ್ತಿ ನೋಡಲೇಬೇಕು. ಅದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿದರೆ ದಿಕ್ಕಿನ ಪಾಠ, ಚರಿತ್ರೆಯ ಪಾಠ, ಕನ್ನಡದ ಪಾಠ ಮೂರೂ ಸೇರಿದ ಹದಿನೈದು ನಿಮಿಷದ ಕಾರ್ಯಕ್ರಮ ಸಿದ್ಧ. ಯಾವ ಮಾತು ನಿಲ್ಲಬೇಕು, ಯಾವುದನ್ನು ಮತ್ತೆ ಹೇಳಬೇಕು ಎಂಬ ತೀರ್ಮಾನ ಆ ಕಾಣದ ಮಗುವಿನದ್ದು. ಅವಳಿಗಾಗಿ ಮಾಡಿದ ಉಪಕಾರ ಅಂತ ಯಾರಿಗೂ ಅನ್ನಿಸುವುದಿಲ್ಲ, ಏಕೆಂದರೆ ಅವಳಿಲ್ಲದಿದ್ದರೆ ಆ ಪಾಠವೇ ಇಲ್ಲ.

ಓದುವುದರಲ್ಲಿ ಹಿಂದುಳಿದ ಮಗುವಿಗೂ ಮೈಕೇ ಮದ್ದು. ಎಲ್ಲರ ಮುಂದೆ ನಿಂತು ಓದು ಅಂದರೆ ತಡವರಿಸುತ್ತದೆ, ಪಕ್ಕದವರು ಕಿಸಕ್ಕನೆ ನಗುತ್ತಾರೆ, ಮಾರನೆಯ ದಿನ ಹೊಟ್ಟೆನೋವು. ಅದರ ಬದಲು ಹುಣಸೆಮರದ ಕೆಳಗೆ ಕೂತು ಒಂದು ಪುಟ ಓದಿ ರೆಕಾರ್ಡ್ ಮಾಡಿಕೊಂಡು, ತಾನೇ ಕೇಳಿ, ಬೇಡವೆನ್ನಿಸಿದರೆ ಅಳಿಸಿ, ಮತ್ತೆ ಓದಲಿ. ಅಳಿಸುವ ಅಧಿಕಾರ ಮಗುವಿನ ಕೈಯಲ್ಲೇ ಇರಬೇಕು. ಪುಸ್ತಕ ಎಲ್ಲಿಂದ ತರುವುದು ಎಂದರೆ, ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ರಾಶಿ ಇವೆ. ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ನಮ್ಮ ಮಾತಿಗೆ ತಿದ್ದಿಕೊಳ್ಳಲೂಬಹುದು.

ಕಿವಿ, ಕಣ್ಣಿನ ಮಾತಿಗೆ ಬಂದರೆ ಯಂತ್ರಕ್ಕಿಂತ ಮೊದಲು ಗಮನ ಬೇಕು. ಶೀಟಿನ ಛಾವಣಿಯ ಕೋಣೆಯಲ್ಲಿ ಮಳೆ ಬಂದರೆ ಯಾರಿಗೂ ಏನೂ ಕೇಳಿಸುವುದಿಲ್ಲ, ಮಳೆಯಿಲ್ಲದಾಗಲೂ ಕೇಳಿಸದ ಮಗುವನ್ನು ಗುರುತಿಸುವುದು ಮೇಷ್ಟ್ರ ಕೆಲಸ. ಬೆನ್ನು ತಿರುಗಿಸಿ ಮೆಲ್ಲಗೆ ಹೆಸರು ಕರೆದು ನೋಡಿ, ಅನುಮಾನ ಬಂದರೆ ಆಸ್ಪತ್ರೆಗೆ ಕಳಿಸಿ. 1960ರ ದಶಕದಿಂದಲೂ ಇದೇ ಕೆಲಸಕ್ಕಾಗಿ ಇರುವ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ತರಗತಿಯಲ್ಲಿ ಕೊರಳಿಗೆ ಹಾಕಿಕೊಳ್ಳುವ ಮೈಕು, ಮಗುವಿನ ಹತ್ತಿರ ಇಟ್ಟ ಸಣ್ಣ ಸ್ಪೀಕರು, ಇಷ್ಟರಿಂದ ಅರ್ಧ ಕೇಳಿಸುವ ಮಗುವಿಗೆ ದೊಡ್ಡ ವ್ಯತ್ಯಾಸವಾಗುತ್ತದೆ. ಮೇಷ್ಟ್ರ ಗಂಟಲೂ ಉಳಿಯುತ್ತದೆ! ಬೋರ್ಡು ಕಾಣದ ಮಗುವಿಗೆ ಮೊದಲು ಕನ್ನಡಕ. ಕನ್ನಡಕಕ್ಕೂ ಬಗ್ಗದ ಕಣ್ಣಾದರೆ, ಫೋನಿನ ಕ್ಯಾಮೆರಾದಲ್ಲಿ ಬೋರ್ಡಿನ ಚಿತ್ರ ತೆಗೆದು ದೊಡ್ಡದು ಮಾಡಿಕೊಂಡು ಓದಬಹುದು. ಪೂರ್ತಿ ಕಾಣದ ಮಗುವಿಗೆ ಪರದೆಯ ಮೇಲಿನ ಕನ್ನಡವನ್ನು ಫೋನೇ ಓದಿ ಹೇಳುತ್ತದೆ. ಈ ಸೌಲಭ್ಯ ಇಂದಿನ ಸಾಮಾನ್ಯ ಆಂಡ್ರಾಯ್ಡ್ ಫೋನುಗಳಲ್ಲೇ ಇದೆ, ಸೆಟ್ಟಿಂಗ್‌ನೊಳಗೆ ಅಡಗಿ ಕೂತಿದೆ. ಹಾಗೆಂದು ಬ್ರೈಲ್ ಬಿಡಿಸಬೇಡಿ. ಕಿವಿಯಿಂದ ಕಥೆ ಕೇಳಬಹುದು, ಕಾಗುಣಿತ ಕೂರಬೇಕಾದರೆ ಬೆರಳು ಬೇಕು.

ಒಂದು ಎಚ್ಚರಿಕೆ. ಮಗು ಓದಿದ್ದು, ಹಾಡಿದ್ದು, ಅತ್ತದ್ದು ಎಲ್ಲವನ್ನೂ ವಾಟ್ಸಾಪ್ ಗ್ರೂಪಿಗೆ ಹಾಕುವ ಚಾಳಿ ನಮ್ಮ ಶಾಲೆಗಳಲ್ಲಿ ಹೆಚ್ಚಾಗಿದೆ. ಮೇಲಿನವರಿಗೆ ವರದಿ ಒಪ್ಪಿಸಲು ಮಗುವಿನ ಮುಖ ಬಳಸಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಮಕ್ಕಳ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಅದರಲ್ಲೂ ಅಂಗವಿಕಲ ಮಗುವಿನ ವಿಡಿಯೊ ಹಾಕಿ ಕೆಳಗೆ ಕೈಮುಗಿಯುವ ಚಿತ್ರ ಅಂಟಿಸುವುದಂತೂ ಬೇಡವೇ ಬೇಡ. ರೆಕಾರ್ಡ್ ಮಾಡಿದ್ದು ತರಗತಿಯಲ್ಲೇ ಇರಲಿ.

ಕೊನೆಯದಾಗಿ, ಬೆಂಗಳೂರಿನಲ್ಲಿ ನೆಲೆಸಿ, ಜಾತ್ರೆಗೆ ಊರಿಗೆ ಬಂದಾಗ ‘ನಮ್ಮ ಶಾಲೆಗೆ ಏನಾದರೂ ಕೊಡೋಣ’ ಎನ್ನುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಅಂಗಡಿಗೆ ಹೋಗುವ ಮೊದಲು ಶಾಲೆಗೆ ಹೋಗಿ. ಈ ತರಗತಿಯಲ್ಲಿ ಸರಿಯಾಗಿ ಕೇಳಿಸದವರು ಯಾರು, ಕಾಣದವರು ಯಾರು, ಮಾತೇ ಆಡದವರು ಯಾರು ಎಂದು ಮೇಷ್ಟ್ರನ್ನೋ ಮೇಡಮ್ಮನ್ನೋ ಕೇಳಿ. ಆಮೇಲೆ ಒಂದು ಕೊರಳ ಮೈಕು, ಒಂದು ಸ್ಪೀಕರು, ನೀವು ಬಳಸಿ ಬಿಟ್ಟ ಫೋನು ಇದ್ದರೆ ಸಿಮ್ಮು ತೆಗೆದು, ನಿಮ್ಮ ಮಾಹಿತಿಯನ್ನೆಲ್ಲ ಅಳಿಸಿ, ಹೊಸ ಬ್ಯಾಟರಿ ಹಾಕಿಸಿ ಅದು, ಜೊತೆಗೆ ಒಂದು ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡು, ಇಷ್ಟು ಕೊಡಿ. ಒಂದು ಟಿ.ವಿ.ಯ ಹಣದಲ್ಲಿ ಇಷ್ಟೂ ಬಂದು, ಇಬ್ಬರು ಮಕ್ಕಳ ಕನ್ನಡಕಕ್ಕೂ ಉಳಿಯುತ್ತದೆ.